ಸಹಿ ಹಾಕಿದ್ದು ನಾನು

ಅಕ್ಕಾ,

ನಿನ್ನ ಮುಖ ನೋಡಲಾಗದೆ ಬರೆಯುತ್ತಿದ್ದೇನೆ. ನಿನ್ನ ಮಗಳು ಪುಟ್ಟಿ ತನ್ನ ಬಳಿಯೇ ಇರಬೇಕೆಂದು ಭಾವ ಹಾಕಿದ ಕೇಸಿನ ನೋಟಿಸಿಗೆ ಸಹಿ ಹಾಕಿ ತೆಗೆದುಕೊಂಡವಳು ನಾನು. "ಏನೇ ಅದು?" ಎಂದು ನೀನು ಹೊಲಿಗೆ ಯಂತ್ರದಿಂದ ತಲೆಯೆತ್ತದೆ ಕೇಳಿದೆ. "ಸುಮ್ನೆ ಹೆದರಿಸೋ ಕಾಗದ ಕಣೇ, ನೀನು ಹೊಲಿ" ಎಂದೆ. ನನಗೆ ಒಂದು ಸಾಲೂ ಅರ್ಥವಾಗಿರಲಿಲ್ಲ. ಶಾಲೆ ಬಿಟ್ಟವಳೆಂದು ನಗುತ್ತೀಯೆಂದು ಮುಚ್ಚಿಟ್ಟೆ. ದಪ್ಪ ಕಾಗದವೆಂದು ಅದರಲ್ಲೇ ಕಾಲರಿನ ಮಾದರಿ ಕತ್ತರಿಸಿ ಮೊಳೆಗೆ ನೇತುಹಾಕಿದೆ. ನೀನು ಹಾಜರಾಗಲಿಲ್ಲವೆಂದು ತೀರ್ಪು ಭಾವನ ಪರವಾಯಿತು.

ಆ ತೀರ್ಪನ್ನು ರದ್ದುಮಾಡಿ ಎಂದು ಈ ತಿಂಗಳೊಳಗೆ ಅರ್ಜಿ ಹಾಕಬಹುದಂತೆ. "ನೋಟಿಸೇ ಬಂದಿಲ್ಲ ಅಂತ ಹೇಳಮ್ಮಾ" ಎಂದರು ನಾನು ಕಂಡ ವಕೀಲರು. ನಾನು ಒಪ್ಪದೆ ನಡೆದದ್ದನ್ನೇ ಬರೆದುಕೊಟ್ಟೆ. ಸೋಮವಾರ ಹತ್ತಕ್ಕೆ ಅವರ ಕಚೇರಿಗೆ ಬಾ. ಆ ಕಾಲರಿನ ಕಾಗದ ತಾ. ಕೇಸಿನ ನಂಬರು ಅದರಲ್ಲಿ ಉಳಿದಿದೆ. ಹಾಜರಾಗಬೇಕಿದ್ದ ತಾರೀಖು ಮಾತ್ರ ನನ್ನ ಕತ್ತರಿಗೆ ಹೋಯಿತು.

ನಿನ್ನ ತಂಗಿ