ಜ್ಯೋತಿಯ ಮುಂದಿನ ಗಾಡಿ

ಆಗಸ್ಟ್ 18, ಸೋಮವಾರ. ಬೆಳಿಗ್ಗೆ 7

ಗಾಡಿ ಒರೆಸಿದೆ. ಪ್ಲಗ್ ಬಿಚ್ಚಿ ಉಜ್ಜಿದೆ. ಎಂಟನೇ ಕಿಕ್ಕಿಗೆ ಚಾಲೂ. ನಿನ್ನೆ ಹತ್ತು ಬೇಕಾಗಿತ್ತು — ಪ್ರಗತಿ ಇದೆ.

ಅಷ್ಟರಲ್ಲಿ ಪಕ್ಕದ ಅಂಗಳದಲ್ಲಿ ಗದ್ದಲ. ಅಣ್ಣನ ಮಗ ಸಿದ್ಧರಾಮನ ಲೈಸನ್ಸ್ ಟಪಾಲಿನಲ್ಲಿ ಬಂದಿದೆಯಂತೆ. ಹದಿನೆಂಟು ತುಂಬಿ ಮೂರು ತಿಂಗಳು. ಮೀಸೆ ಇನ್ನೂ ಬರಲೋ ಬೇಡವೋ ಎಂದು ಯೋಚಿಸುತ್ತಿದೆ. ಆದರೆ ಅಂಗಳದಲ್ಲಿ ನಿಂತಿರುವುದು ಮುನ್ನೂರೈವತ್ತು ಸಿಸಿಯ ಕೆಂಪು ಗಾಡಿ! ಗುಂಡಿ ಒತ್ತಿದರೆ ಗುಡುಗು. ಕಿಕ್ಕೇ ಇಲ್ಲ.

ನನ್ನ ಹೆಂಡತಿ ಸುವರ್ಣಾ ಆರತಿ ತಟ್ಟೆ ಹಿಡಿದು ಓಡಿದಳು. ಗಾಡಿಗೆ ಆರತಿ ಮಾಡಿದಳು, ಸರಿ. ಆಮೇಲೆ ಆ ಪ್ಲಾಸ್ಟಿಕ್ ಕಾರ್ಡಿಗೂ ಕುಂಕುಮ! ಅಪ್ಪನ ನಾಟಕದ ಕಂಪನಿಯಲ್ಲಿ ಹದಿನೇಳು ವರ್ಷ ಕಿರೀಟ ಹೊತ್ತೆ. ಮೈಕ್ ಇಲ್ಲದೆ ಮೂರು ಹಳ್ಳಿಗೆ ಕೇಳಿಸಿದೆ. ನನಗೆ ಯಾರ ಆರತಿಯೂ ಬರಲಿಲ್ಲ. ಮುಖದ ಬಣ್ಣ ತೊಳೆಯಲು ಬಿಸಿನೀರು ಸಿಕ್ಕರೆ ಪುಣ್ಯ.

ಆಗಸ್ಟ್ 21, ಗುರುವಾರ

ಸುವರ್ಣಾ ಹೋಟಗಿಗೆ ಹೋಗಿ ತಾಯಿಯನ್ನು ನೋಡಿ ಬಂದಳು. ಸಿದ್ಧರಾಮನ ಗಾಡಿಯ ಮೇಲೆ. ನಾನು ಕಿಕ್ ಹೊಡೆಯುತ್ತಿರುವಾಗಲೇ ಇಬ್ಬರೂ ಮಾಯ.

ಸಂಜೆ ಕೇಳಿದೆ — ಹೆಂಗಾಯ್ತು ಪ್ರವಾಸ?

“ಹಿಂದ ಕುಂತಿದ್ದು ಗೊತ್ತs ಆಗಲಿಲ್ಲರಿ. ಗಾದಿ ಮ್ಯಾಲ ಕುಂತಂಗ!”

“ನನ್ನ ಗಾಡಿ?”

“ನಿಮ್ಮ ಗಾಡಿ ಮ್ಯಾಲ ಕುಂತ್ರ ಬೀಸೂಕಲ್ಲಿನ ಮ್ಯಾಲ ಕುಂತಂಗ.” ನಕ್ಕಳು. ನಗಲಿ.

ಇದನ್ನೂ ಬರೆದಿಡುತ್ತೇನೆ, ಯಾಕೆಂದರೆ ಇದು ನಿಜ. ಅಕ್ಕಲಕೋಟ ರಸ್ತೆಯ ತಿರುವಿನಲ್ಲಿ ಕಬ್ಬಿನ ಟ್ರಾಲಿಯನ್ನು ಅವನು ದಾಟಿದ ರೀತಿಯನ್ನು ಹಾಲಿನವನು ನೋಡಿದ್ದಾನೆ. ಎದುರಿಗೆ ಎಸ್‌ಟಿ ಬಸ್ಸು, ನಡುವೆ ಒಂದು ಕೈಯಷ್ಟು ಜಾಗ. ನನ್ನ ಹೆಂಡತಿ ಹಿಂದೆ. ಅವಳು ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ.

ಆಗಸ್ಟ್ 31, ಭಾನುವಾರ

ಘಾತ!

ಗುಡಿಯ ಕಟ್ಟೆಯ ಮೇಲೆ ಮಂಡಳದ ಮೀಟಿಂಗ್. ನವರಾತ್ರಿಗೆ ತುಳಜಾಪುರದಿಂದ ಜ್ಯೋತಿ ತರುವ ಮಾತು. ಹುಡುಗರು ಕೈಯಿಂದ ಕೈಗೆ ದಾಟಿಸುತ್ತ ಬರಿಗಾಲಲ್ಲಿ ನಮ್ಮ ಚಪಳಗಾಂವದವರೆಗೆ ಓಡುತ್ತಾರೆ. ಗಾಳಿಗೆ ಜ್ಯೋತಿ ಆರಿದರೆ? ಅದಕ್ಕೇ ಓಡುವವರ ಮುಂದೊಂದು ಗಾಡಿ, ‘ಮುಂದಿನ ಗಾಡಿ’. ಹಿಂದೆ ಕುಳಿತವರ ಮಡಿಲಲ್ಲಿ ಅದೇ ಜ್ಯೋತಿಯಿಂದ ಹೊತ್ತಿಸಿದ ಕಂದೀಲು. ಗಾಡಿ ಹೊಡೆಯುವವನು ಇಪ್ಪತ್ತೆರಡು ವರ್ಷಗಳಿಂದ ಒಬ್ಬನೇ. ನಾನು.

ಅಧ್ಯಕ್ಷ ಧರೆಪ್ಪ ತಲೆ ಕೆರೆದುಕೊಂಡ. “ಗುರುನಾಥಣ್ಣಾ, ಬ್ಯಾಸರ ಮಾಡ್ಕೋಬ್ಯಾಡ. ಈ ಸಲ ಮುಂದಿನ ಗಾಡಿ ಸಿದ್ಧರಾಮಗ ಬಿಡೂಣೇನು? ಹೋದ ವರ್ಷ ನಿನ್ನ ಗಾಡಿ ನಳದುರ್ಗದಾಗ ಬಂದ್ ಬಿತ್ತು. ದೇವೀನ ಅರ್ಧಾ ತಾಸ ನಿಲ್ಲಿಸಿದಿ.”

ಹುಡುಗರೆಲ್ಲ ಶಿಳ್ಳೆ ಹೊಡೆದರು. ಹೆಂಗಸರ ಕಡೆಯಿಂದ ಸುವರ್ಣಾಳ ದನಿ: “ಈ ವರ್ಷ ಕಂದೀಲು ನಾ ಹಿಡೀತೀನ್ರಿ. ಹರಕಿ ಅದ.”

ಅಂದರೆ... ಅವನ ಗಾಡಿ. ನನ್ನ ಜಾಗ. ಹಿಂದೆ ನನ್ನ ಹೆಂಡತಿ.

ಇಪ್ಪತ್ತೆರಡು ವರ್ಷ ಒಂದು ಸಲವೂ ಹರಕೆ ನೆನಪಾಗಲಿಲ್ಲವಲ್ಲ ಸುವರ್ಣಾ?

ತೀರ್ಮಾನ ಮುಂದಿನ ಭಾನುವಾರ.

ಸೆಪ್ಟೆಂಬರ್ 2. ಮಧ್ಯಾಹ್ನ

ಹೊಲದಲ್ಲಿ ತೊಗರಿಯ ಮುಂದೆ ನಿಂತು ಭಾಷಣದ ತಾಲೀಮು. ತೊಗರಿ ತಲೆದೂಗಿತು.

ವಿಷಯ ಗಟ್ಟಿಯಾಗಿದೆ. ನಿಜಕ್ಕೂ ಗಟ್ಟಿ. ಸೊಲ್ಲಾಪುರ ಪೇಪರಿನಲ್ಲಿ ವಾರಕ್ಕೆ ಎರಡು ಸುದ್ದಿ — ಹತ್ತೊಂಬತ್ತರ ಹುಡುಗ, ಇಪ್ಪತ್ತರ ಹುಡುಗ, ಹೊಸ ಗಾಡಿ, ಹಿಂದೆ ಇಬ್ಬರು. ಆರ್‌ಟಿಒ ಸಾಹೇಬರ ಮುಂದೆ ಗಾಡಿಯಿಂದ ನೆಲದ ಮೇಲೆ ಒಮ್ಮೆ ಎಂಟು ಬರೆದು ತೋರಿಸಿದರೆ ಎಂಥ ಗಾಡಿ ಬೇಕಾದರೂ ಹತ್ತಬಹುದು ಎನ್ನುವುದು ಯಾವ ನ್ಯಾಯ? ನಾಟಕದಲ್ಲಿ ಮೊದಲ ವರ್ಷ ಪರದೆ ಎಳೆಯಬೇಕು. ಎರಡನೇ ವರ್ಷ ದೂತ. ಆಮೇಲೆ ಮಂತ್ರಿ. ಬಂದ ದಿನವೇ ಯಾರಾದರೂ ಖಡ್ಗ ಕೊಡುತ್ತಾರೆಯೇ? ಮೊದಲು ಸಣ್ಣ ಗಾಡಿ ಓಡಿಸಲಿ. ಒಂದು ವರ್ಷ ಹಿಂದೆ ಯಾರನ್ನೂ ಕೂರಿಸದಿರಲಿ. ಸರಕಾರ ಮಾಡದಿದ್ದರೆ ನಮ್ಮ ಮಂಡಳ ಮಾಡಲಿ.

ಇದೆಲ್ಲ ಖರೇ. ಆದರೆ ಇದು ಈ ವಾರವೇ ಯಾಕೆ ಹೊಳೆಯಿತು ಎಂದು ತೊಗರಿ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ.

ಸೆಪ್ಟೆಂಬರ್ 7, ಭಾನುವಾರ. ರಾತ್ರಿ ಊಟಕ್ಕೆ ಮುಂಚೆ

ವಿಜಯ!

ಎದ್ದು ನಿಂತೆ. ಶಲ್ಯ ಹೆಗಲಿಗೆ ಎಸೆದೆ. “ಮಹಾಜನರೇ! ಗಾಡಿಯನ್ನು ಹಾರಿಸುವವನು ಸವಾರನಲ್ಲ! ಓಡುವವನ ಕಾಲಿನ ವೇಗಕ್ಕೆ, ಬೀಳದಂತೆ, ಊರಿನ ತನಕ ನಡೆಸುವವನೇ ಸವಾರ! ಇಪ್ಪತ್ತೈದು ತುಂಬದವನ ಕೈಗೆ ಜ್ಯೋತಿಯ ದಾರಿಯನ್ನು ಒಪ್ಪಿಸುವಿರಾ?”

ಹುಡುಗರು ಗಲಾಟೆ ಎಬ್ಬಿಸಿದರು. “ಕಾಕಾ, ಓಡಾವ್ರೆಲ್ಲಾ ಇಪ್ಪತ್ತೈದರ ಒಳಗಿನವರs! ನೀವು ಓಡ್ತೀರೇನು?” ನಗು.

ಆಗ ನಾಲಿಗೆಯ ಮೇಲೆ ಬಂದು ಕುಳಿತದ್ದು ಸರಸ್ವತಿಯೋ ಶನಿಯೋ! “ಹಾಗಾದರೆ ವಯಸ್ಸು ಬೇಡ! ಅನುಭವ ಬೇಕು! ಲೈಸನ್ಸ್ ಕೈಗೆ ಬಂದು ಒಂದು ವರ್ಷ ತುಂಬದ ಯಾವನೂ — ಅವನು ಯಾರ ಮಗನೇ ಆಗಿರಲಿ — ಜ್ಯೋತಿಯ ಜೊತೆ ಗಾಡಿ ಮುಟ್ಟಬಾರದು!”

ಚಪ್ಪಾಳೆ. ಹಿರಿಯರೆಲ್ಲ ಒಪ್ಪಿದರು. ಧರೆಪ್ಪ ಅಲ್ಲೇ ರಜಿಸ್ಟರಿನಲ್ಲಿ ಮರಾಠಿಯಲ್ಲಿ ಠರಾವು ಬರೆದ. ಸಿದ್ಧರಾಮ ತಲೆ ತಗ್ಗಿಸಿ ಎದ್ದುಹೋದ. ಗಾಡಿ ಚಾಲೂ ಮಾಡಲಿಲ್ಲ, ತಳ್ಳಿಕೊಂಡು ಹೋದ.

ಅದು ಕಣ್ಣಿಗೆ ಕಟ್ಟಿದಂತಿದೆ. ಹೋಗಲಿ.

ಸೆಪ್ಟೆಂಬರ್ 8

ಬೆಳಿಗ್ಗೆ ಧರೆಪ್ಪ ಬಂದ. ಪೊಲೀಸ್ ಪರವಾನಗಿಯ ಅರ್ಜಿಗೆ ಗಾಡಿ ಹೊಡೆಯುವ ಎಲ್ಲರ ಲೈಸನ್ಸ್ ಝೆರಾಕ್ಸ್ ಬೇಕು.

“ಠರಾವು ಹೆಂಗೂ ಆಗೇದ, ತಾರೀಖು ನೋಡೇ ತುಗೋತೀನಿ. ನಿಂದೂ ಒಂದು ಕೊಡಣ್ಣಾ.”

ಚಹಾದ ಬಟ್ಟಲು ಕೆಳಗಿಟ್ಟೆ.

ಈ ವಹಿಯಲ್ಲೂ ಬರೆಯದೆ ಬಿಟ್ಟಿದ್ದನ್ನು ಈಗ ಬರೆಯುತ್ತೇನೆ. ನನ್ನ ಹತ್ತಿರ ಲೈಸನ್ಸ್ ಇಲ್ಲ.

ಮೂವತ್ತೊಂದು ವರ್ಷ ಗಾಡಿ ಹೊಡೆದಿದ್ದೇನೆ. ಹಳ್ಳಿಯಲ್ಲಿ ಯಾರು ಕೇಳುತ್ತಾರೆ? ಕಂಪನಿಯ ದಿನಗಳಲ್ಲಿ ಒಮ್ಮೆ ಟೆಸ್ಟಿಗೆ ಹೋಗಿದ್ದೆ. ಎಂಟು ಬರೆಯಬೇಕು, ಕಾಲು ನೆಲಕ್ಕೆ ತಾಗಬಾರದು. ಸಾವಿರ ಜನರ ಮುಂದೆ ನಡುಗದವನು ಒಬ್ಬ ಸಾಹೇಬರ ಪೆನ್ಸಿಲ್ಲಿಗೆ ನಡುಗಿದೆ. ಎರಡನೇ ಸುತ್ತಿಗೆ ಗಾಡಿ ಸಮೇತ ಅಡ್ಡಬಿದ್ದೆ. ಹಿಂದಿನ ರಾತ್ರಿ ನನ್ನ ನಾಟಕ ನೋಡಿದವರು ಸಾಲಿನಲ್ಲಿ ನಿಂತಿದ್ದರು. “ಮಹಾರಾಜರ ರಥ ಉಳ್ಳಿತಲ್ರೋ!” ಎಂದು ಒಬ್ಬ ಕೂಗಿದ. ಮತ್ತೆ ಹೋಗಲಿಲ್ಲ. ಸುವರ್ಣಾಳಿಗೆ ಮಾತ್ರ ಗೊತ್ತು.

ಧರೆಪ್ಪನಿಗೆ ಹೇಳಿದೆ — ಟ್ರಂಕಿನಲ್ಲಿದೆ, ಹುಡುಕಬೇಕು.

“ಇರ್ಲಿ ಬಿಡು. ನಿಂದು ಇರೂದಿಲ್ಲೇನು?” ನನ್ನ ಹೆಸರಿನ ಮುಂದೆ ಟಿಕ್ ಹಾಕಿಯೇಬಿಟ್ಟ. ನೋಡದೆ.

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಅವಳು ಕೇಳಿಸಿಕೊಂಡಿದ್ದಾಳೆ.

ಸೆಪ್ಟೆಂಬರ್ 9

ಊಟಕ್ಕೆ ಬಡಿಸಿದಳು. ತುಪ್ಪ ಹಾಕಲಿಲ್ಲ.

ಸೆಪ್ಟೆಂಬರ್ 14, ಭಾನುವಾರ

ನಾಲ್ಕು ದಿನ ಬರೆಯಲಿಲ್ಲ. ಮನೆಯಲ್ಲಿ ಮೌನದ ಅಂಕ ನಡೆಯುತ್ತಿತ್ತು. ಇವತ್ತು ಜೋಳ ಹಸನು ಮಾಡುತ್ತ, ಮೊರ ಕೆಳಗಿಡದೆ ಮಾತಾಡಿದಳು.

“ನಾ ಯಾರ ಮುಂದನೂ ಹೇಳೂದಿಲ್ಲರಿ. ಆದ್ರ ನಿಮ್ಮ ಹಿಂದ ಕಂದೀಲು ಹಿಡದು ಕೂಡೂದಿಲ್ಲ.”

“ಯಾಕ? ಅವನ ಗಾಡಿ ಆದ್ರ ಗಾದಿ, ನಂದು ಬೀಸೂಕಲ್ಲು?”

“ಹಾಡಿದ್ದs ಹಾಡಬ್ಯಾಡ್ರಿ. ಆ ಹುಡುಗ ಜೋರ್ ಹೊಡೀತಾನ, ನನಗೂ ಗೊತ್ತದ. ಬಸ್ಸಿನ ಮುಂದ ನನ್ನ ಜೀವ ಹೋಗಿ ಬಂತು. ಇಳದ ಮ್ಯಾಲ ಅವನ ಕಿವಿ ಹಿಂಡೀನಿ. ನಿಮಗ ಹೇಳಲಿಲ್ಲ.”

“ಯಾಕ ಹೇಳಲಿಲ್ಲ?”

“ನೀವು ಖುಷಿ ಆಗತಿದ್ರಿ.”

ಎದೆಗೆ ನೇರ ಬಾಣ! ಯಾಕೆಂದರೆ ಆಗುತ್ತಿದ್ದೆ.

“ನೀವು ಸಭಾದಾಗ ಹೇಳಿದ್ದು ಖರೇ ಅದ,” ಅಂದಳು. “ಹೇಳಿದ ಮನಸು ಖೊಟ್ಟಿ ಅದ. ಠರಾವು ಎಲ್ಲಾರಿಗೂ ಅಂದ್ರ ಎಲ್ಲಾರಿಗೂ. ಹೇಳಿದ್ರ ನೀವs ಹೇಳ್ರಿ.”

ಹೇಳಿದರೆ? ಇಪ್ಪತ್ತೆರಡು ವರ್ಷ ಮಣ್ಣುಪಾಲು. ಚಪಳಗಾಂವದಲ್ಲಿ ಮತ್ತೆ ನನ್ನ ಮಾತನ್ನು ಯಾರು ಕೇಳುತ್ತಾರೆ? ಹೇಳದಿದ್ದರೆ ಮುಂದಿನ ಗಾಡಿ ನನ್ನದೇ. ಹಿಂದೆ ಯಾವನಾದರೊಬ್ಬ ಕಂದೀಲು ಹಿಡಿದು ಕೂರುತ್ತಾನೆ. ಅವಳೊಬ್ಬಳು ಇರುವುದಿಲ್ಲ.

ಸೆಪ್ಟೆಂಬರ್ 16. ಸಂಜೆ

ಸಿದ್ಧರಾಮ ಬಂದಿದ್ದ. ಕೆಂಪು ಗಾಡಿಯ ಮೇಲಲ್ಲ, ನಡೆದುಕೊಂಡು. ನನ್ನ ಲೈಸನ್ಸಿನ ಗುಟ್ಟು ಅವನಿಗೆ ಗೊತ್ತಾದಂತಿತ್ತು; ಮನೆಯಲ್ಲಿ ಹೆಂಗಸರು ಮಾತಾಡಿಕೊಂಡರೋ, ಅವನೇ ಊಹಿಸಿದನೋ — ಕೇಳಲಿಲ್ಲ.

“ಕಾಕಾ, ಮುಂದಿನ ಗಾಡಿ ನಿಧಾನ ಹೊಡೀಬೇಕಲ್ಲ, ಅದನ್ನ ಹೆಂಗ ಹೊಡೀತೀರಿ? ಮೂರು ದಿನ ಆತು, ಹೊಲದ ದಾರ್ಯಾಗ ಮಾಡಿ ನೋಡಾಕತ್ತೀನಿ. ಕಾಲು ಊರಾಕs ಬೇಕಾಗ್ತದ.”

“ನಿನಗ್ಯಾಕ ಈಗ? ನೀ ಹೊಡ್ಯಾಂಗಿಲ್ಲಲ್ಲ.”

“ಈ ವರ್ಷ ಇಲ್ಲ.” ನಕ್ಕ. ಅವಮಾನ ಮಾಡಿದವನ ಮುಂದೆ ಹಾಗೆ ನಗುವುದನ್ನು ಯಾರು ಕಲಿಸಿದರು ಇವನಿಗೆ? ನನಗಂತೂ ಬರುವುದಿಲ್ಲ. ಅದಕ್ಕೂ ಹೊಟ್ಟೆ ಉರಿಯಿತು.

ಹೇಳಿಕೊಟ್ಟೆ. ಅರ್ಧ ಕ್ಲಚ್, ಹಿಂದಿನ ಬ್ರೇಕಿನ ಮೇಲೆ ಬೆರಳ ತೂಕ, ಕಣ್ಣು ದೂರಕ್ಕೆ. ಒಂದು ಗಂಟೆಯಲ್ಲಿ ಕಲಿತ. ನನಗೆ ಎರಡು ವರ್ಷ ಹಿಡಿದಿತ್ತು.

ಸೆಪ್ಟೆಂಬರ್ 20, ಶನಿವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಬಣ್ಣ ಬೇಡ.

ಕಟ್ಟೆಯ ಮೇಲೆ ಕೊನೆಯ ಸಭೆ. ಧರೆಪ್ಪ ಓಡುವವರಿಗೆಲ್ಲ ಕೇಸರಿ ವಲ್ಲಿ, ಅಂದರೆ ಹೆಗಲ ವಸ್ತ್ರ, ಹಂಚಿದ. ನನ್ನ ಕೊರಳಿಗೆ ತಾನೇ ಹಾಕಿದ. ಅಷ್ಟಕ್ಕೇ ನಿಲ್ಲಿಸಿದ್ದರೆ ಬಾಯಿ ಮುಚ್ಚಿಕೊಂಡಿರುತ್ತಿದ್ದೆ. ದೇವಿ ಸಾಕ್ಷಿ, ಮುಚ್ಚಿಕೊಂಡಿರುತ್ತಿದ್ದೆ. ಆದರೆ ಅವನು ಸಿದ್ಧರಾಮನನ್ನು ಎಬ್ಬಿಸಿ ನಿಲ್ಲಿಸಿದ.

“ನೋಡಿ ಕಲಿಯೋ. ಕಾಯ್ದೆ ಅಂದ್ರ ನಿಮ್ಮ ಕಾಕಾ. ಕಾಯ್ದೆ ಮುರದವರು ಇವರ ಮುಂದ ನಿಲ್ಲಬಾರದು.”

ಸಿದ್ಧರಾಮ ನನ್ನನ್ನು ನೋಡಿದ. ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಿದ — “ಹೂಂ ಧರೆಪ್ಪಕಾಕಾ, ಕಲೀತೀನಿ.”

ಎದ್ದೆ. ಗುಡಿ ನಡುಗುವ ಹಾಗೆ ಕೂಗಿದೆ: “ನನ್ನ ಬಳಿ ಲೈಸನ್ಸ್ ಇಲ್ಲ! ಮೂವತ್ತೊಂದು ವರ್ಷಗಳಿಂದ ಇಲ್ಲ! ನಾನು ಕಳ್ಳ ಸವಾರ!”

ಕಟ್ಟೆಯೆಲ್ಲ ಚಪ್ಪಾಳೆ ತಟ್ಟಿತು.

ನಾಟಕದ ಮಾತು ಅಂದುಕೊಂಡರು! ಒಬ್ಬ ಮುದುಕ “ಒನ್ಸ್ ಮೋರ್” ಅಂದ. ಧರೆಪ್ಪ ಬೆನ್ನು ತಟ್ಟಿದ. “ಭಲೇ! ಹುಡುಗರಿಗೆ ಪಾಠ ಹೇಳಾಕ ಎಂಥಾ ಆ್ಯಕ್ಟಿಂಗ್ ಮಾಡ್ತಾನ ನೋಡ್ರಿ!”

ಅಲ್ಲಿಗೇ ಪರದೆ ಬೀಳಿಸಬಹುದಿತ್ತು. ದೇವಿಯೇ ಬಾಗಿಲು ತೆರೆದಿದ್ದಳು. ಹೊರಗೆ ನಡೆದುಬಿಡಬಹುದಿತ್ತು.

ಕುಳಿತೆ. ಧರೆಪ್ಪನ ಕೈ ಹಿಡಿದೆ. ಸಣ್ಣ ದನಿಯಲ್ಲಿ ಹೇಳಿದೆ — ಎಂದೂ ಆಡದ ದನಿ, ನನ್ನ ಕಿವಿಗೇ ಪರಕೀಯ: “ಇಲ್ಲೋ ಧರೆಪ್ಪಾ. ಖರೇನೇ ಇಲ್ಲ.”

ಅವನು ಇನ್ನೂ ನಗುತ್ತಿದ್ದ. ಹೆಂಗಸರ ಕಡೆ ನೋಡಿದ. ಸುವರ್ಣಾ ಎದ್ದು ನಿಂತಿದ್ದಳು. ತಲೆ ಆಡಿಸಿದಳು. ಆಗ ನಗು ನಿಂತಿತು. ಇಡೀ ಕಟ್ಟೆಯ ಮೇಲೆ ನಿಂತಿತು.

ವಲ್ಲಿ ತೆಗೆದು ಕೆಳಗಿಟ್ಟೆ. ಯಾರೂ ಬೈಯಲಿಲ್ಲ. ಬೈದಿದ್ದರೆ ಉತ್ತರ ಕೊಡಬಹುದಿತ್ತು.

ಮುಂದಿನ ಗಾಡಿ ಮಂಡಳದ ಮರೆಪ್ಪನಿಗೆ. ಲೈಸನ್ಸ್ ಬಂದು ಒಂಬತ್ತು ವರ್ಷ. ಜೀವಮಾನದಲ್ಲಿ ಹಾರ್ನ್ ಹೊಡೆದವನಲ್ಲ. ಎಮ್ಮೆ ಅಡ್ಡ ಬಂದರೆ ಇಳಿದು ಮಾತಾಡಿಸುತ್ತಾನೆ. ಸುವರ್ಣಾ ಕಂದೀಲು ಹಿಡಿದು ಅವನ ಹಿಂದೆ.

ರಾತ್ರಿ ಅವಳು ತಾನಾಗಿಯೇ ತುಪ್ಪ ಹಾಕಿದಳು. ಒಂದು ಚಮಚ ಹೆಚ್ಚು. ಮರೆಪ್ಪನಿಗೆ ಈ ತುಪ್ಪದ ವಿಷಯ ಗೊತ್ತಿಲ್ಲ. ಗೊತ್ತಾಗಲಿ ಅನ್ನಿಸುತ್ತಿದೆ.

ಸೆಪ್ಟೆಂಬರ್ 22, ಸೋಮವಾರ. ಬೆಳಗಿನ 5. ತುಳಜಾಪುರ

ಟೆಂಪೋದ ಹಿಂಭಾಗದಲ್ಲಿ ಕುಳಿತು ಬರೆಯುತ್ತಿದ್ದೇನೆ. ಜ್ಯೋತಿ ಇನ್ನೂ ಕೆಳಗೆ ಗುಡಿಯಲ್ಲಿದೆ. ಪಕ್ಕದಲ್ಲಿ ನೀರಿನ ಕ್ಯಾನು, ಬಾಳೆಹಣ್ಣಿನ ಗೊನೆ, ಸಿದ್ಧರಾಮ. ಠರಾವಿನ ಇಬ್ಬರು ಕೈದಿಗಳು.

ಎದುರಿಗೆ ಮರೆಪ್ಪ ಗಾಡಿ ನಿಲ್ಲಿಸಿಕೊಂಡು, ಸುವರ್ಣಾಳ ಸೆರಗು ಚಕ್ರಕ್ಕೆ ಸಿಗದಂತೆ ಜೋಪಾನವಾಗಿ ಕಟ್ಟಲು ಹೇಳುತ್ತಿದ್ದಾನೆ. ಮೂರನೇ ಸಲ ಹೇಳುತ್ತಿದ್ದಾನೆ. ಅವಳು ಮೂರನೇ ಸಲವೂ ನಗುತ್ತಿದ್ದಾಳೆ. ಮರೆಪ್ಪನ ಮೇಲೂ ಹೊಟ್ಟೆಕಿಚ್ಚು ಪಡಬಹುದು ಎಂದು ಎರಡು ದಿನದ ಹಿಂದೆ ಯಾರಾದರೂ ಹೇಳಿದ್ದರೆ...

ಸಿದ್ಧರಾಮ ಮೊಬೈಲಿನಲ್ಲಿ ನನ್ನ ಲರ್ನಿಂಗ್ ಅರ್ಜಿ ತುಂಬುತ್ತಿದ್ದಾನೆ. ನಾನು ಕೇಳಿರಲಿಲ್ಲ.

“ಕಾಕಾ, ನಲವತ್ತು ದಾಟಿದವರಿಗೆ ಡಾಕ್ಟರ್ ಸರ್ಟಿಫಿಕೇಟ್ ಬೇಕಂತ.”

“ಹದಿನೆಂಟರವರಿಗೆ?”

“ಬ್ಯಾಡಂತ.”

ನೋಡಿದೆಯಾ ಕಾಯ್ದೆ!

ಅವನು ಕ್ಯಾಲೆಂಡರ್ ತೆಗೆದು ಎಣಿಸತೊಡಗಿದ. ಲರ್ನಿಂಗ್ ಇವತ್ತೇ ಸಿಕ್ಕರೂ ಟೆಸ್ಟಿಗೆ ಒಂದು ತಿಂಗಳು. ಅಕ್ಟೋಬರ್ ಇಪ್ಪತ್ತೆರಡು. ಮುಂದಿನ ವರ್ಷ ನವರಾತ್ರಿಯ ಘಟಸ್ಥಾಪನೆ ಅಕ್ಟೋಬರ್ ಹನ್ನೊಂದಕ್ಕೆ. ಅವನಿಗೆ ಆಗ ವರ್ಷ ತುಂಬಿರುತ್ತದೆ. ನನಗೆ ಹನ್ನೊಂದು ದಿನ ಕಮ್ಮಿ.

ಅವನು ಗೊನೆಯಿಂದ ಒಂದು ಬಾಳೆಹಣ್ಣು ಮುರಿದು ನನ್ನ ಕೈಗಿಟ್ಟ.

“ಹನ್ನೊಂದು ದಿನಕ್ಕ ಏನಾಗ್ತದ್ರಿ ಕಾಕಾ,” ಅಂದ. “ಠರಾವು ತಿದ್ದೂಣು. ಸಭಾದಾಗ ನಾ ನಿಂತು ಮಾತಾಡ್ತೀನಿ ನಿಮ್ಮ ಸಲುವಾಗಿ. ನಿಮ್ಮಂಗನ. ಶಲ್ಯ ಒಗದು.” ಕೂತಲ್ಲೇ ಕೈ ಎತ್ತಿದ. “ಮಹಾಜನರೇ!”

ಕೆಳಗೆ ನಿಂತವರೆಲ್ಲ ತಿರುಗಿ ನೋಡಿದರು. ಸುವರ್ಣಾ ಕೂಡ. ಅಪ್ಪನ ದನಿ. ಅಪ್ಪಟ, ರಂಗದ ಮೇಲಿನ ನನ್ನ ಅಪ್ಪನ ದನಿ. ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದ?

ತಿದ್ದಬಾರದು ಅಂದೆ. ವರ್ಷ ಅಂದರೆ ವರ್ಷ. ನೀನೇ ಹೊಡಿ, ನಾನು ಟೆಂಪೋದಲ್ಲಿ ಬರುತ್ತೇನೆ. ಬಾಯಿಂದ ಬಂತು, ಮನಸ್ಸಿನಿಂದಲೂ ಬಂತು — ಹೆಚ್ಚುಕಡಿಮೆ. ಆದರೆ ಆ ‘ಮಹಾಜನರೇ’ ಮಾತ್ರ... ಇನ್ನೊಮ್ಮೆ ನಮ್ಮ ಊರಿನ ಮುಂದೆ ಅವನು ಹಾಗೆ ಅಂದುಬಿಟ್ಟರೆ, ನಾನು ಮತ್ತೆ ಪರದೆ ಎಳೆಯುವವನಾಗುತ್ತೇನೆ! ಇರಲಿ, ಜ್ಯೋತಿ ಬಂತು.