ಪುಟಸಂಖ್ಯೆ ಹೇಳದ ಓದು

ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ
ಗ್ರಂಥಾಲಯದ ಧ್ವನಿಮುದ್ರಣ ಕೋಣೆ

ಪ್ರೀತಿಯ ಅಕ್ಕನಿಗೆ,

ಕ್ಷೇಮ ಕೇಳುವ ಮುಖವೂ ನನಗಿಲ್ಲ. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಮೂರು ತಿಂಗಳಿಂದ ನೀನು ನನ್ನ ಫೋನ್ ಎತ್ತಿಲ್ಲ. ನಿನ್ನ ಜೊತೆಗಿರುವ, ಕಣ್ಣು ಕಾಣದ ಅಮ್ಮನ ದನಿಯನ್ನೂ ನಾನು ಕೇಳಿಲ್ಲ. ಬಾಗಿಲು ತೆಗೆಯದಿದ್ದರೆ ಈ ಪತ್ರ ಕೆಳಗಿನಿಂದ ತೂರಿಸಿ ಬರುತ್ತೇನೆ.

ಕಣ್ಣು ಕಾಣದವರಿಗಾಗಿ ನಾವು ಓದಿ ಧ್ವನಿಮುದ್ರಿಸಿದ್ದನ್ನೆಲ್ಲ ಹನ್ನೊಂದು ವರ್ಷ ಸಂಬಳಕ್ಕೆ ಕೂತು ಕೇಳಿ ತಿದ್ದಿದವಳು ನೀನು. ಪ್ರತಿ ಪುಟದ ಸಂಖ್ಯೆಯನ್ನೂ ಬಾಯಿಬಿಟ್ಟು ಹೇಳಿಸುತ್ತಿದ್ದೆ. ಓದಿನ ಸೊಗಸು ಕೆಡುತ್ತದೆಂದು ಸ್ವಯಂಸೇವಕರಾದ ನಾವು ಗೊಣಗುತ್ತಿದ್ದೆವು. ಪ್ರೀತಿಯಿಂದ ಪುಕ್ಕಟೆ ಓದುವವರಿರುವಾಗ ಸಂಬಳದ ತಪಾಸಣೆ ಯಾಕೆ ಎಂದು ಸಭೆಯಲ್ಲಿ ಕೇಳಿದವಳು ನಾನೇ. ನಿನ್ನ ಕೆಲಸ ಹೋದದ್ದನ್ನು ಬೇರೆಯವರ ತಲೆಗೆ ಕಟ್ಟುವುದಿಲ್ಲ. ಚೀಲ ಎತ್ತಿಕೊಂಡು ಹೊರಡುವಾಗ ನೀನು ಹೇಳಿದ್ದು ಇಷ್ಟೇ: "ಪ್ರೀತಿಗೆ ಸುಸ್ತಾಗುತ್ತೆ ಕಣೇ. ನಂಗೆ ಸುಸ್ತಾದ್ರೂ ಕೂತು ಕೇಳ್ಬೇಕು."

ಹೋದ ವಾರ ರಕ್ತದೊತ್ತಡದ ಮಾತ್ರೆಗಳ ಕೈಪಿಡಿ ಓದಿದೆ. ಸುಸ್ತಾಗಿತ್ತು. ಎರಡು ಹಾಳೆ ಅಂಟಿಕೊಂಡಿದ್ದವು. "ಒಂದು ಹೊತ್ತಿನ ಮಾತ್ರೆ ಮರೆತರೆ" ಎಂದು ಪುಟ ಮುಗಿದಿತ್ತು. ನಾನು ಮಗುಚಿದ ಪುಟ "ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳಿ" ಎಂದು ಶುರುವಾಗಿತ್ತು. ಅದು ಸೊಪ್ಪು, ಹಣ್ಣಿನ ವಿಷಯ. ನನ್ನ ಬಾಯಲ್ಲಿ ಎರಡೂ ಒಂದೇ ವಾಕ್ಯವಾಗಿ ಸಲೀಸಾಗಿ ಹೋಗಿದೆ. ಇವತ್ತು ಕೇಳಿದಾಗಲೇ ನನಗೆ ಗೊತ್ತಾದದ್ದು.

ಏಳು ಪ್ರತಿ ಹೊರಗೆ ಹೋಗಿವೆ. ಆರು ಮನೆಗೆ ಫೋನ್ ಮಾಡಿ ತಡೆದೆ. ದಾಖಲೆ ಪುಸ್ತಕದಲ್ಲಿ ಏಳನೆಯದರ ಎದುರು "ಕೈಯಲ್ಲಿ ಕೊಟ್ಟಿದೆ" ಎಂದಷ್ಟೇ ಬರೆದಿದೆ. ಬರೆದ ಸ್ವಯಂಸೇವಕಿ ಗುರುವಾರ ಮಾತ್ರ ಬರುವವಳು, ಫೋನಿಗೂ ಸಿಗುತ್ತಿಲ್ಲ. ಓದುಗರೆಲ್ಲ ನಿನಗೆ ಗೊತ್ತು. ಯಾರಿರಬಹುದು, ಹೇಳು. ನನ್ನನ್ನು ಕ್ಷಮಿಸದಿದ್ದರೂ ಸರಿ. ಈಗಲೇ ನಿನ್ನ ಮನೆಗೆ ಹೊರಟೆ.

ನಿನ್ನ ತಂಗಿ

ತಾ.ಕ.: ಹನ್ನೆರಡು ಗಂಟೆ. ದಾರಿಯಲ್ಲಿ ಬರುವಾಗ ಆ ಸ್ವಯಂಸೇವಕಿ ಫೋನಿಗೆ ಸಿಕ್ಕಳು. ಒಯ್ದದ್ದು ಕಪ್ಪು ಕನ್ನಡಕದ ಅಜ್ಜಿಯಂತೆ, ಎದುರುಮನೆಯವರ ಕೈ ಹಿಡಿದು ಬಂದಿದ್ದರಂತೆ. "ಇದು ನನ್ನ ಚಿಕ್ಕ ಮಗಳ ದನಿ. ದೊಡ್ಡವಳಿಗೆ ಹೇಳ್ಬೇಡಿ" ಅಂದರಂತೆ. ಅಮ್ಮನೂ ಅದೇ ಮಾತ್ರೆ ನುಂಗುವವಳು, ಮರೆಯುವುದು ಅವಳಿಗೆ ಹೊಸದಲ್ಲ. ಈಗ ನಿನ್ನ ಬಾಗಿಲ ಮುಂದೆ ನಿಂತು ಬರೆಯುತ್ತಿದ್ದೇನೆ. ನೀನು ಕೆಲಸ ಹುಡುಕಿಕೊಂಡು ಹೋಗಿದ್ದೀಯಂತೆ. ಎದುರುಮನೆಯವರು ಬಾಗಿಲು ಮೀಟಲು ಹಾರೆ ತರಲು ಓಡಿದ್ದಾರೆ. ಬಡಿದೆ, ಕೂಗಿದೆ, ಅಮ್ಮ ಓಗೊಡುತ್ತಿಲ್ಲ. ಒಳಗೆ ನನ್ನ ದನಿ ಓದುತ್ತಲೇ ಇದೆ.