ಕೈಗೆಟುಕಿದ ಶೆಲ್ಫು

ಮಂಗಳವಾರ, ಹನ್ನೊಂದನೇ ತಾರೀಖು.

ಕೊಳ್ಳುವವರ ಪರವಾಗಿ ಮನೆ ನೋಡಲು ಹೋದ ಏಜೆಂಟು ಮಾರುವವರೆದುರು ಅದನ್ನು ಹೊಗಳಬಾರದು. ಹದಿನಾಲ್ಕು ವರ್ಷದಲ್ಲಿ ನನ್ನ ಬಾಯಿ ಒಮ್ಮೆಯೂ ಜಾರಿಲ್ಲ. ಇವತ್ತು ಜಾರಬೇಕಿತ್ತು.

ಮನೆಯ ಯಜಮಾನರು ಅಡುಗೆಮನೆಯ ಶೆಲ್ಫು ಸವರುತ್ತಾ ನಿಂತಿದ್ದರು. "ನಿಮ್ಮ ಹಾಗೇ ಗಿಡ್ಡಿ ಕಣಮ್ಮ ನಮ್ಮನೆಯವಳು. ಕೈಗೆ ಸಿಗ್ಲಿ ಅಂತ ಎಲ್ಲಾ ಕೆಳಗೇ ಹೊಡೆಸಿದ್ದೆ. ತೀರಿಕೊಂಡು ಐದು ತಿಂಗಳಾಯ್ತು."

"ಇದನ್ನೆಲ್ಲಾ ಕಿತ್ತು ಹಾಕಿಸ್ಬೇಕಾಗುತ್ತೆ ಸರ್," ಅಂದೆ.

ಅವರು ಕೈ ಹಿಂದಕ್ಕೆ ತೆಗೆದುಕೊಂಡರು. "ಇನ್ನೊಂದು ವರ್ಷ ಕಾದ್ರೆ ರೇಟು ಏರುತ್ತಾ?"

"ಇಳಿಯುತ್ತೆ," ಅಂದೆ. ಏರುತ್ತದೋ ಇಳಿಯುತ್ತದೋ, ನನಗೇನು ಗೊತ್ತು. ಅವರು ನಂಬಿದರು, ನಾವು ಹೇಳಿದ ಬೆಲೆಗೇ ಒಪ್ಪಿದರು.

ಕೊಳ್ಳುವವರು ಫೋನಿನಲ್ಲಿ ನನ್ನನ್ನು ಹೊಗಳಿದ್ದೇ ಹೊಗಳಿದ್ದು. ಮನೆ ಕೈಗೆ ಬಂದ ಕೂಡಲೇ ಅಡುಗೆಮನೆ ಒಡೆಸುತ್ತಾರಂತೆ. ಬೆಲೆ ಇಳಿಸಲು ನಾನಾಡಿದ ಮಾತನ್ನು ಅವರಿಗೂ ಹೇಳಿದ್ದೆ, ಅದೇ ಅವರ ತಲೆಯಲ್ಲಿ ಕೂತುಬಿಟ್ಟಿದೆ.

ಈಗ ನನ್ನ ಅಡುಗೆಮನೆಯಲ್ಲಿ ಟೀ ಡಬ್ಬ ತೆಗೆಯಲು ಎಂದಿನಂತೆ ಸ್ಟೂಲು ಎಳೆದುಕೊಂಡೆ. ಹತ್ತಲು ಮನಸ್ಸಾಗಲಿಲ್ಲ, ಅದರ ಮೇಲೇ ಕೂತು ಇದನ್ನು ಬರೆಯುತ್ತಿದ್ದೇನೆ. ಆ ಮನೆಯಲ್ಲಿ, ಯಜಮಾನರು ಅತ್ತ ತಿರುಗಿದಾಗ, ಮೇಲಿನ ಶೆಲ್ಫಿಗೆ ಒಮ್ಮೆ ಕೈ ಚಾಚಿ ನೋಡಿದ್ದೆ. ಹಿಮ್ಮಡಿ ಎತ್ತದೆಯೇ ಸಿಕ್ಕಿತ್ತು.